ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ

ರಾತ್ರಿ ಎಂಟೂವರೆ ಇರಬೇಕು. ಮೂರನೇ ಕ್ಲಾಸಿನ ಮಗ ಹೋಮ್‌ವರ್ಕ್ ಮಾಡುತ್ತಿದ್ದ. ನಾನು ಆಫೀಸಿನಿಂದ ಬಂದು, ಅಕ್ಕಿ ತೊಳೆದು ಕುಕ್ಕರ್ ಇಟ್ಟು, ಒಂದು ಕಣ್ಣು ಫೋನಿನ ಮೇಲೆ, ಇನ್ನೊಂದು ಅವನ ಪುಸ್ತಕದ ಮೇಲೆ ಇಟ್ಟು ಕೂತಿದ್ದೆ. 403ರಲ್ಲಿ 178 ಕಳೆಯಬೇಕು. ಅವನು ಬರೆದ ಉತ್ತರ 375. "ತಪ್ಪು, ಮತ್ತೆ ಮಾಡು" ಅಂದೆ. ರಬ್ಬರ್ ತಗೊಂಡು ಅಳಿಸಿದ. 325 ಬರೆದ. ಬರೆದು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದ. ನನ್ನ ಹುಬ್ಬು ಗಂಟಾಗಿರಬೇಕು, ನಾನು ಬಾಯಿ ತೆರೆಯೋ ಮೊದಲೇ ಅದನ್ನೂ ಅಳಿಸಿದ. 235 ಬರೆದ. ಮತ್ತೆ ಮುಖ. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. "ಇಷ್ಟೂ ಗೊತ್ತಾಗಲ್ವಾ ನಿಂಗೆ?" ಅಂತ ಕೂಗಿದೆ. ಅವನು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಮರೆತುಬಿಡುತ್ತಿದ್ದೆನೇನೋ. ಸುಮ್ಮನೆ ಪೆನ್ಸಿಲ್ ಕೆಳಗಿಟ್ಟು, "ನೀನೇ ಹೇಳು ಅಮ್ಮ, ಬರ್ಕೋತೀನಿ" ಅಂದ.

ನಾನು ಹೇಳಿದೆ. 225. ಅವನು ಬರೆದುಕೊಂಡ. ಮಾರನೇ ದಿನ ಶಾಲೆಯಿಂದ ಪುಸ್ತಕ ವಾಪಸ್ ಬಂದಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು, ಪಕ್ಕದಲ್ಲಿ ನಗುಮುಖ.

ಆ ನಗುಮುಖ ನನ್ನನ್ನು ಎರಡು ವಾರ ಕಾಡಿತು.

ಯಾಕೆ ಅಂದರೆ ನನ್ನ ಕೆಲಸ ಅಂಥದ್ದು. ನಾನು ಸಾಫ್ಟ್‌ವೇರ್ ಟೆಸ್ಟರ್. ಹದಿನಾಲ್ಕು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಒಂದು ಸ್ಕ್ರೀನಿನಲ್ಲಿ ಒಟ್ಟು ಮೊತ್ತ ತಪ್ಪು ಬಂದರೆ ನಾನು ಡೆವಲಪರ್ ಹುಡುಗನಿಗೆ "ಇಷ್ಟೂ ಗೊತ್ತಾಗಲ್ವಾ" ಅಂತ ಬರೆಯಲ್ಲ. ಯಾವ ಹೆಜ್ಜೆಯಲ್ಲಿ ಬಂತು, ಏನು ಕೊಟ್ಟಾಗ ಬಂತು, ಮತ್ತೆ ಅದೇ ಕೊಟ್ಟರೆ ಮತ್ತೆ ಹಾಗೇ ಬರುತ್ತಾ ಅಂತ ನೋಡಿ, ಒಂದೊಂದೇ ಬರೆದು ಕಳಿಸುತ್ತೇನೆ. ಸುಮ್ನೆ ಸುಮ್ನೆ ಯಾವ ಪ್ರೋಗ್ರಾಮೂ ತಪ್ಪು ಉತ್ತರ ಕೊಡಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಹೆತ್ತ ಮಗ ಸುಮ್ನೆ ಸುಮ್ನೆ 375 ಬರೆದ ಅಂತ ಮಾತ್ರ ಒಂದು ಕ್ಷಣವೂ ಯೋಚನೆ ಮಾಡದೆ ನಂಬಿಬಿಟ್ಟೆ.

ಆಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ಹುಡುಕುತ್ತಾ ಕೂತಾಗ ಗೊತ್ತಾಯಿತು, ಇದನ್ನೇ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ನಾನು ಹುಟ್ಟೋ ಮೊದಲೇ ಮಾಡಿ ಮುಗಿಸಿದ್ದಾರೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅಂತ. 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ತಪ್ಪುಗಳನ್ನು ಪ್ರೋಗ್ರಾಮಿನ ಬಗ್, ಅಂದರೆ ಒಳಗೆ ಅಡಗಿರುವ ದೋಷ, ಹುಡುಕಿದ ಹಾಗೇ ಹುಡುಕಿದರು. ಹೆಸರೂ ಬಗ್ ಅಂತಲೇ ಇಟ್ಟರು. ತುಂಬಾ ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ, ತಮ್ಮದೇ ಒಂದು ನಿಯಮ ಇಟ್ಟುಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುತ್ತಾರೆ ಅನ್ನೋದು ಅವರ ಮಾತು. ನನ್ನ ಮಗನ 375 ಅವರ ಪಟ್ಟಿಯಲ್ಲಿ ತುಂಬಾ ಮಾಮೂಲಿ. ಮೂರರಲ್ಲಿ ಎಂಟು ಹೋಗಲ್ಲ, ಸರಿ, ಎಂಟರಲ್ಲಿ ಮೂರು ಕಳೆ, ಐದು. ಸೊನ್ನೆಯಲ್ಲಿ ಏಳು ಹೋಗಲ್ಲ, ಏಳರಲ್ಲಿ ಸೊನ್ನೆ ಕಳೆ, ಏಳು. ನಾಲ್ಕರಲ್ಲಿ ಒಂದು ಹೋದರೆ ಮೂರು. ಆಮೇಲೆ ಬರೆದ 325ಕ್ಕೂ ಲೆಕ್ಕ ಇದೆ: ಮೂರನ್ನು ಹದಿಮೂರು ಮಾಡಿಕೊಂಡಿದ್ದಾನೆ, ನಡುವಿನ ಸೊನ್ನೆಯನ್ನು ಒಂಬತ್ತು ಮಾಡಿದ್ದಾನೆ, ಆದರೆ ನೂರರ ಸ್ಥಾನದ ನಾಲ್ಕನ್ನು ಮೂರು ಮಾಡೋದು ಮರೆತಿದ್ದಾನೆ. ಅಂದರೆ ಎರಡನೇ ಸಲಕ್ಕೆ ಅವನು ಮುಕ್ಕಾಲು ಪಾಲು ದಾರಿ ಬಂದಿದ್ದ. ನನಗೆ ಕಂಡದ್ದು ಇನ್ನೊಂದು ತಪ್ಪು ಅಷ್ಟೇ. ಮೂರನೇದು, ಆ 235, ಬರೀ ಅಂದಾಜು. ಅದು ನನ್ನ ಮುಖ ಓದಿ ಬರೆದದ್ದು.

ಇದನ್ನು ಓದುತ್ತಾ ಊರಿನ ನೆನಪಾಯಿತು. ಇದೇ ಸೊನ್ನೆ ಸುತ್ತ ಒಂದು ಮಧ್ಯಾಹ್ನ.

ಕಾಫಿಪುಡಿಯ ಲೆಕ್ಕ

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತೊಂಬತ್ತರ ದಶಕದ ಶುರು. ಎರಡು ಕೋಣೆಯ ಸರ್ಕಾರಿ ಶಾಲೆ, ಮೂರು ಮತ್ತು ನಾಲ್ಕನೇ ಕ್ಲಾಸು ಒಂದೇ ಕೋಣೆಯಲ್ಲಿ. ನೆಲದ ಮೇಲೆ ಕೂರುತ್ತಿದ್ದೆವು. ಎಡಗಡೆ ಹುಡುಗಿಯರು, ಬಲಗಡೆ ಹುಡುಗರು. ಹಿಂದಿನ ಗೋಡೆಗೆ ಒರಗಿ ಕೂರುವವರು ದಡ್ಡರು ಅಂತ ಲೆಕ್ಕ. ಅಲ್ಲಿ ಕೂರಲು ಒಂದು ಪೈಪೋಟಿಯೇ ಇತ್ತು, ಒರಗೋಕೆ ಗೋಡೆ ಸಿಗುತ್ತಲ್ಲ. ಮೇಷ್ಟ್ರು ಬೇರೆ ಊರಿನವರು, ಸೈಕಲ್ಲಿನಲ್ಲಿ ಬರುತ್ತಿದ್ದರು, ಪಿಯುಸಿ ಆದಮೇಲೆ ಟಿಸಿಎಚ್ ಅನ್ನೋ ಶಿಕ್ಷಕ ತರಬೇತಿ ಮಾಡಿದವರು. ಅವತ್ತು ಬೋರ್ಡಿನ ಮೇಲೆ ಇಂಥದ್ದೇ ಒಂದು ಲೆಕ್ಕ. ನಡುವೆ ಸೊನ್ನೆ. ಸಂಖ್ಯೆ ಯಾವುದೋ ನೆನಪಿಲ್ಲ, 403 ಅಂತಲೇ ಇಟ್ಟುಕೊಳ್ಳೋಣ. ಬಿಡಿ, ಹತ್ತು, ನೂರು ಅಂತ ಮೂರು ಮನೆ ಬರೆದು, "ಮೂರರಲ್ಲಿ ಎಂಟು ಹೋಗಲ್ಲ. ಏನ್ಮಾಡ್ಬೇಕು? ಪಕ್ಕದ ಮನೆಯಿಂದ ಸಾಲ ತರಬೇಕು" ಅಂದರು. ನಾವೆಲ್ಲ "ಸಾಲ ತರಬೇಕು ಸಾ" ಅಂತ ರಾಗ ಎಳೆದೆವು.

ಗೋಡೆ ಸಾಲಿನ ಒಬ್ಬ ಹುಡುಗ ರಾಗದಲ್ಲಿ ಸೇರಲಿಲ್ಲ. "ಸಾ, ಪಕ್ಕದ ಮನೇಲೇ ಸೊನ್ನೆ ಐತಲ್ಲ ಸಾ. ಇಲ್ದೋರು ಎಲ್ಲಿಂದ ಸಾಲ ಕೊಡ್ತಾರೆ?" ಅಂದ.

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ಈಗ ಅವನನ್ನು ಎಬ್ಬಿಸಿ ಬಾರಿಸುತ್ತಾರೆ ಅಂತ ಕಾಯುತ್ತಿದ್ದೆವು. ಅವರು ಬೋರ್ಡಿನ ಕಡೆ ತಿರುಗಿ ಆ ಸೊನ್ನೆಯನ್ನು ಹೊಸದಾಗಿ ನೋಡುವವರಂತೆ ಸ್ವಲ್ಪ ಹೊತ್ತು ನೋಡಿದರು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಹೌದಲ್ಲೋ" ಅಂದರು. ಆಮೇಲೆ ಕೇಳಿದರು, "ನಿಮ್ಮನೇಲಿ ಹಿಂಗಾದ್ರೆ ನಿಮ್ಮವ್ವ ಏನ್ ಮಾಡ್ತಾಳೆ?"

"ಅವ್ವ ಕಾಫಿಪುಡಿಗೆ ಪಕ್ಕದ್ಮನೆಗೆ ಕಳುಸ್ತಾಳೆ ಸಾ."

"ಅವರತ್ರನೂ ಇಲ್ಲ ಅಂದ್ರೆ?"

"ಅವರು ಆಚೆ ಮನೆಯಿಂದ ಇಸ್ಕೊಂಡು, ಅದರಲ್ಲಿ ನಮಗೊಂಚೂರು ಕೊಡ್ತಾರೆ."

"ಮಿಕ್ಕಿದ್ದು?"

"ಅವರೇ ಇಟ್ಕೊತಾರೆ ಸಾ."

ಅಷ್ಟೇ. ಇಡೀ ಲೆಕ್ಕ ಅದರಲ್ಲಿತ್ತು. ಮೇಷ್ಟ್ರು ಅವನನ್ನು ಬೋರ್ಡಿನ ಹತ್ತಿರ ಕರೆದು ಅವನ ಕೈಗೆ ಸೀಮೆಸುಣ್ಣ ಕೊಟ್ಟರು. ನೂರರ ಮನೆಯವರು ಒಂದು ನೂರು ಕೊಟ್ಟರು, ಅವರ ಹತ್ತಿರ ಮೂರು ಉಳಿಯಿತು. ಅದು ಹತ್ತರ ಮನೆಗೆ ಬಂದಾಗ ಹತ್ತು ಹತ್ತುಗಳಾಯಿತು. ಅದರಲ್ಲಿ ಒಂದನ್ನು ಬಿಡಿ ಮನೆಗೆ ಕೊಟ್ಟು ಒಂಬತ್ತು ತಾವೇ ಇಟ್ಟುಕೊಂಡರು. ಬಿಡಿ ಮನೆಯಲ್ಲಿ ಈಗ ಹದಿಮೂರು. ಆ ಒಂಬತ್ತು ಎಲ್ಲಿಂದ ಬರುತ್ತೆ ಅನ್ನೋದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಸೊನ್ನೆ ಹೊಡೆದು ಮೇಲೆ ಒಂಬತ್ತು ಬರೆಯಬೇಕು ಅಂತ ಗೊತ್ತಿತ್ತು, ಬರೆಯುತ್ತಿದ್ದೆ, ಸರಿ ಗುರುತು ಬೀಳುತ್ತಿತ್ತು. ಅದು ಪಕ್ಕದ ಮನೆಯವರು ಇಟ್ಟುಕೊಂಡ ಕಾಫಿಪುಡಿ ಅಂತ ಅವತ್ತು ಗೊತ್ತಾಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೇಷ್ಟ್ರಿಗೆ ಆ ಪ್ರಶ್ನೆ ತಲೆಯಲ್ಲಿ ಉಳಿದಿರಬೇಕು. ಮಾರನೇ ದಿನವೋ ಅದರ ಮಾರನೇ ದಿನವೋ ಬಂದವರೇ, ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ಒಬ್ಬನನ್ನು ಅಂಗಡಿಗೆ ಓಡಿಸಿದರು. ಹತ್ತು ಒಂದು ರೂಪಾಯಿ ನಾಣ್ಯ ಬಂತು. ಅದನ್ನು ನೆಲದ ಮೇಲೆ ಸುರಿದು, "ಇದು ಸಾಲನಾ?" ಅಂತ ಕೇಳಿದರು. "ಅಲ್ಲ ಸಾ, ಚಿಲ್ಲರೆ." "ಸಾಲ ತಗೊಂಡ್ರೆ ತೀರಿಸ್ಬೇಕು. ಈ ಲೆಕ್ಕದಲ್ಲಿ ಯಾರಾದ್ರೂ ತೀರಿಸಿದ್ದು ನೋಡಿದೀರೇನ್ರೋ?" ಯಾರೂ ನೋಡಿರಲಿಲ್ಲ. "ಹಂಗಾದ್ರೆ ಇವತ್ತಿಂದ ಸಾಲ ಅನ್ಬೇಡಿ. ಚಿಲ್ಲರೆ ಮಾಡ್ಸೋದು ಅನ್ನಿ." ಕಾಫಿಪುಡಿಯ ಹುಡುಗನಿಗೆ ಇದು ಅಷ್ಟೊಂದು ಒಪ್ಪಿಗೆಯಾಗಲಿಲ್ಲ ಅಂತ ಕಾಣುತ್ತೆ, ಅವನು ಮುಂದೆಯೂ ಪಕ್ಕದ ಮನೆ ಅಂತಲೇ ಲೆಕ್ಕ ಮಾಡುತ್ತಿದ್ದ. ಮೇಷ್ಟ್ರು ಅದಕ್ಕೂ ಏನೂ ಅನ್ನಲಿಲ್ಲ.

ಇಷ್ಟು ವರ್ಷ ಇದು ನನಗೆ ಊರಿನ ಒಂದು ತಮಾಷೆಯ ಕತೆ ಆಗಿತ್ತು. ಮೊನ್ನೆ ಆ ಬಗ್ ಪ್ರಬಂಧದ ಬಾಲ ಹಿಡಿದು ಹೋದಾಗ ಲಿಪಿಂಗ್ ಮಾ ಅನ್ನುವ ಗಣಿತ ಬೋಧನೆಯ ಸಂಶೋಧಕಿಯ ಅಧ್ಯಯನ ಸಿಕ್ಕಿತು, 1999ರಲ್ಲಿ ಪ್ರಕಟವಾದದ್ದು. ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲೆ ಶಿಕ್ಷಕರ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಅದರಲ್ಲಿ ಮೊದಲು ಬರುವುದೇ ಇದು: ಇಂಥ ಕಳೆಯುವ ಲೆಕ್ಕವನ್ನು ಮಕ್ಕಳಿಗೆ ಹೇಗೆ ಹೇಳಿಕೊಡ್ತೀರಿ? ಅಮೆರಿಕದವರಲ್ಲಿ ಬಹುಪಾಲು ಜನ ಪಕ್ಕದಿಂದ ತಗೋ, ಇಲ್ಲಿ ಬರಿ ಅನ್ನುವ ಕ್ರಮವನ್ನೇ ಹೇಳಿದರು. ಚೀನಾದವರಲ್ಲಿ ಬಹುಪಾಲು ಜನ ದೊಡ್ಡದೊಂದನ್ನು ಒಡೆದು ಚಿಕ್ಕ ಹತ್ತು ಮಾಡೋದನ್ನು ಹೇಳಿದರು. ಅಲ್ಲಿಯ ಒಬ್ಬ ಶಿಕ್ಷಕರಂತೂ ಸಾಲ ಅನ್ನೋ ಮಾತೇ ಬೇಡ, ಸಾಲ ಅಂದರೆ ವಾಪಸ್ ಕೊಡಬೇಕಲ್ಲ ಅಂತ ಮಕ್ಕಳು ಕೇಳ್ತಾರೆ ಅಂದಿದ್ದಾರೆ. ಓದಿ ನನಗೆ ಮೈ ಜುಮ್ ಅಂತು. ಚೀನಾದ ಯಾವುದೋ ಮೂಲೆಯ ಒಬ್ಬ ಶಿಕ್ಷಕ, ತಿಪಟೂರಿನ ಪಕ್ಕದ ಹಳ್ಳಿಗೆ ಸೈಕಲ್ ತುಳಿದು ಬರುತ್ತಿದ್ದ ಒಬ್ಬ ಮೇಷ್ಟ್ರು, ಇಬ್ಬರೂ ಒಂದೇ ಕಲ್ಲಿಗೆ ಎಡವಿದ್ದಾರೆ.

ಇನ್ನೊಂದು ವಿಷಯ. ಆ ಅಮೆರಿಕದ ಶಿಕ್ಷಕರೆಲ್ಲ ಕಾಲೇಜು ಡಿಗ್ರಿ ಆದವರು. ಚೀನಾದವರಲ್ಲಿ ಹೆಚ್ಚಿನವರು ಓದಿದ್ದು, ಶಿಕ್ಷಕ ತರಬೇತಿಯೂ ಸೇರಿ, ಹನ್ನೊಂದು ಹನ್ನೆರಡು ವರ್ಷ. ನಮ್ಮ ಟಿಸಿಎಚ್ ಮೇಷ್ಟ್ರುಗಳಿಗಿಂತಲೂ ಸ್ವಲ್ಪ ಕಮ್ಮಿಯೇ ಅನ್ನಿ. ಹಾಗಂತ ಓದು ಕಮ್ಮಿ ಇದ್ದರೆ ಒಳ್ಳೆಯದು ಅಂತ ಅಲ್ಲವೇ ಅಲ್ಲ. ಮೂರನೇ ಕ್ಲಾಸಿನ ಲೆಕ್ಕ ಸುಲಭ, ಅದನ್ನು ಯಾರು ಬೇಕಾದರೂ ಹೇಳಿಕೊಡಬಹುದು ಅಂತ ನಾವು ತಿಳಿದಿದ್ದೀವಲ್ಲ, ಅದು ಸುಳ್ಳು. ನಾನು ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸೆಮಿಸ್ಟರ್ ಗಣಿತ ಪಾಸು ಮಾಡಿದವಳು. ಒಂದು ಸೊನ್ನೆ ಎದುರು ಮಗನ ಮೇಲೆ ಕೂಗಾಡಿದೆ.

ದೇವರಂಥ ಮೇಷ್ಟ್ರು ಅಂತ ಹೇಳಲಾರೆ

ಸೆಪ್ಟೆಂಬರ್ 5 ಬಂದರೆ ಎಲ್ಲರ ಫೋನಿನಲ್ಲೂ ಗುರುಬ್ರಹ್ಮ ಗುರುವಿಷ್ಣು. ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನ ಸಾರೋಟನ್ನು ತಾವೇ ಎಳೆದು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದ ಕತೆ ಪ್ರತಿ ವರ್ಷ ಬರುತ್ತೆ. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅವರು ಮಹಾರಾಜ ಕಾಲೇಜಿನ ಕ್ಲಾಸಿನಲ್ಲಿ ಪಾಠ ಹೇಗೆ ಮಾಡುತ್ತಿದ್ದರು, ಅರ್ಥವಾಗದವನು ಎದ್ದು ನಿಂತರೆ ಏನು ಹೇಳುತ್ತಿದ್ದರು ಅಂತ ಆ ಫಾರ್ವರ್ಡುಗಳಲ್ಲಿ ಒಂದೂ ಹೇಳಲ್ಲ. ನಮಗೆ ಸಾರೋಟು ನೆನಪಿರುತ್ತೆ, ಪಾಠ ನೆನಪಿರಲ್ಲ. ಒಳ್ಳೆ ಮೇಷ್ಟ್ರು ಅಂದರೆ ತ್ಯಾಗ, ಕರುಣೆ, ಬಿಳಿ ಪಂಚೆ. ಕೆಲಸ ಏನು ಅಂತ ಯಾರಿಗೆ ಬೇಕು.

ಹಾಗಾಗಿ ನಮ್ಮ ಮೇಷ್ಟ್ರ ಬಗ್ಗೆ ಪೂರ್ತಿ ಹೇಳಿಬಿಡುತ್ತೇನೆ. ಅವರು ಹೊಡೆಯುತ್ತಿದ್ದರು. ಹುಣಸೆ ಬರಲು, ಅದನ್ನು ನಾವೇ ಮುರಿದು ತಂದು ಕೊಡಬೇಕಿತ್ತು. ಮಗ್ಗಿ ತಪ್ಪಿದರೆ ಒಂದು, ತಡವಾಗಿ ಬಂದರೆ ಎರಡು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ಹೊಡೆಯುವ ಹಾಗಿಲ್ಲ, ಅದು ಸರಿಯಾದ ಕಾನೂನೇ. "ನಾವು ಏಟು ತಿಂದೇ ಉದ್ಧಾರ ಆಗಿದ್ದು" ಅನ್ನೋ ನನ್ನ ವಯಸ್ಸಿನವರ ಮಾತು ನನಗೆ ಹಿಡಿಸಲ್ಲ. ಏಟಿನಿಂದ ನಾನು ಕಲಿತದ್ದು ತೆಳ್ಳಗಿನ ಬರಲು ಜಾಸ್ತಿ ಉರಿಯುತ್ತೆ ಅಂತ, ಅದಕ್ಕೇ ದಪ್ಪಗಿನದು ಹುಡುಕಿ ತರುತ್ತಿದ್ದೆವು.

ಇನ್ನೊಂದಿದೆ, ಇದು ನನಗೆ ಏಟಿಗಿಂತ ದೊಡ್ಡದು. ಅವರು ಹುಡುಗಿಯರ ಸಾಲಿಗೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಕೀಳಾಗಿ ಕಾಣುತ್ತಿರಲಿಲ್ಲ. ಕೇಳಬೇಕು ಅಂತ ಅವರಿಗೆ ಹೊಳೆಯುತ್ತಿರಲಿಲ್ಲ ಅಷ್ಟೇ. ಕೋಣೆ ಗುಡಿಸೋಕೆ, ಹೂಜಿಗೆ ನೀರು ತರೋಕೆ ನಮ್ಮ ಸಾಲು ನೆನಪಾಗುತ್ತಿತ್ತು. ಆ ಕಾಫಿಪುಡಿ ಪಾಠ ನಡೆದದ್ದು ಬಲಗಡೆಯ ಗೋಡೆಗೂ ಬೋರ್ಡಿಗೂ ನಡುವೆ. ನಾನು ಅದನ್ನು ಎಡಗಡೆ ಕೂತು ಕದ್ದು ಕಲಿತೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಸ್ಲೇಟಿನಲ್ಲಿ ಕೊನೆಯ ತನಕ ಸೊನ್ನೆ ಹೊಡೆದು ಒಂಬತ್ತು ಬರೆಯುತ್ತಲೇ ಇದ್ದಳು, ಒಮ್ಮೊಮ್ಮೆ ಹತ್ತು ಬರೆಯುತ್ತಿದ್ದಳು. ಅವಳ ಹತ್ತು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು.

ಒಬ್ಬ ಹುಡುಗನ ಪ್ರಶ್ನೆಗೆ ಸೀಮೆಸುಣ್ಣ ಕೆಳಗಿಟ್ಟ ಮನುಷ್ಯನೇ ಇಪ್ಪತ್ತು ಹುಡುಗಿಯರನ್ನು ನಾಲ್ಕು ವರ್ಷ ಕಾಣದೆ ಇರಬಲ್ಲ. ಎರಡೂ ನಿಜ. ಒಳ್ಳೆ ಮೇಷ್ಟ್ರುತನ ಅನ್ನೋದು ಹುಟ್ಟುಗುಣ ಆಗಿದ್ದರೆ ಹೀಗಾಗುತ್ತಿರಲಿಲ್ಲ ಅನಿಸುತ್ತೆ. ಅದು ಒಂದು ಗಳಿಗೆಯಲ್ಲಿ ಮಾಡುವ ಕೆಲಸ, ಮುಂದಿನ ಗಳಿಗೆಯಲ್ಲಿ ಬಿಟ್ಟು ಹೋಗಬಹುದಾದ ಕೆಲಸ.

ಮಡಕೆ ಬೆವರುತ್ತದೆ

ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಒಬ್ಬರು ಟೀಚರ್ ಬಂದರು. ಸಣ್ಣ ದನಿ, ಬೋರ್ಡಿನ ಮೇಲೆ ಅಕ್ಷರ ಓರೆಯಾಗಿ ಮೇಲಕ್ಕೆ ಹತ್ತುತ್ತಿತ್ತು. ಪಾಠ ಸಪ್ಪೆ ಅಂತ ಹುಡುಗರ ದೂರು. ಇತಿಹಾಸದ ಮೇಷ್ಟ್ರು ಟಿಪ್ಪು ಯುದ್ಧ ಮಾಡಿದರೆ ಕ್ಲಾಸಿನಲ್ಲಿ ಕತ್ತಿ ಶಬ್ದ ಕೇಳುತ್ತಿತ್ತು, ಇವರ ಹತ್ತಿರ ಅಂಥದ್ದೇನೂ ಇರಲಿಲ್ಲ. ಎಂಟನೇ ಕ್ಲಾಸಿನ ಬೇಸಿಗೆಯಲ್ಲಿ ಒಂದು ದಿನ, ಮಡಕೆಯಲ್ಲಿಟ್ಟ ನೀರು ಯಾಕೆ ತಣ್ಣಗಾಗುತ್ತೆ ಅಂತ ಕೇಳಿದರು. ಕೇಳಿ ನನ್ನ ಹೆಸರು ಕರೆದರು. ನಾನು ಎದ್ದು ನಿಂತೆ. ನನಗೆ ಅರ್ಧ ಗೊತ್ತಿತ್ತು. ಅರ್ಧ ಗೊತ್ತಿರೋದು ಏನೂ ಗೊತ್ತಿಲ್ಲದೆ ಇರೋದಕ್ಕಿಂತ ಕಷ್ಟ. ತಲೆ ತಗ್ಗಿಸಿ ನಿಂತೆ, ಮುಂದಿನವರನ್ನು ಕೇಳಿ ನನ್ನನ್ನು ಕೂರಿಸುತ್ತಾರೆ ಅಂತ. ಹುಡುಗರ ಕಡೆ ನಾಲ್ಕು ಕೈ ಮೇಲೆದ್ದವು, "ಮಿಸ್, ನಾನು ಮಿಸ್". ಟೀಚರ್ ಅತ್ತ ನೋಡದೆ ಅಂಗೈಯಿಂದ ಇಳಿಸಿ ಅನ್ನೋ ಹಾಗೆ ಸನ್ನೆ ಮಾಡಿದರು. ಕಾದರು. ಹೊರಗೆ ಯಾರೋ ಪಂಪು ಹೊಡೆಯುವ ಶಬ್ದ ಕೇಳುತ್ತಿತ್ತು. ಅವರು ಕಿಟಕಿ ಕಡೆ ನೋಡುತ್ತಾ ಕಾದರು, ನನ್ನನ್ನೇ ನೋಡುತ್ತಾ ಕಾದಿದ್ದರೆ ನಾನು ಅಳುತ್ತಿದ್ದೆ.

"ನಮಗೆ ಬೆವರು ಬಂದು ಗಾಳಿ ಬೀಸಿದ್ರೆ ತಣ್ಣಗಾಗುತ್ತಲ್ಲ ಮಿಸ್, ಆ ಥರ" ಅಂದೆ. ಯಾರೋ ಕಿಸಕ್ಕನೆ ನಕ್ಕರು. "ಬೆವರಾ? ಮುಂದೆ ಹೇಳು" ಅಂದರು. ಮಡಕೆಗೆ ಸಣ್ಣ ಸಣ್ಣ ತೂತು ಇರುತ್ತೆ, ನೀರು ಜಿನುಗುತ್ತೆ, ಅದು ಆರುವಾಗ ಬಿಸಿ ತಗೊಂಡು ಹೋಗುತ್ತೆ ಅಂತ ಹೇಗೋ ಹೇಳಿ ಮುಗಿಸಿದೆ. ಅವರು ಬೋರ್ಡಿನ ಮೇಲೆ ಬರೆದರು: ಮಡಕೆ ಬೆವರುತ್ತದೆ. ಅದರ ಕೆಳಗೆ ಬಾಷ್ಪೀಕರಣ ಅಂತ ಬರೆದು, "ಇವಳು ಹೇಳಿದ್ದಕ್ಕೆ ಪುಸ್ತಕದಲ್ಲಿ ಈ ಹೆಸರು" ಅಂದರು. ನನ್ನ ಮಾತು ಮೇಲೆ, ಪುಸ್ತಕದ ಮಾತು ಕೆಳಗೆ. ನನಗೆ ಅದು ಎಷ್ಟು ದೊಡ್ಡ ವಿಷಯ ಆಯಿತು ಅಂದರೆ, ಈಗಲೂ ಯಾರಾದರೂ ಮೀಟಿಂಗಿನಲ್ಲಿ ನನಗೆ ಗೊತ್ತಿಲ್ಲದ ದೊಡ್ಡ ಪದ ಎಸೆದರೆ, ನಾನು ಮನಸ್ಸಿನಲ್ಲೇ ಇದರ ಮೇಲಿನ ಸಾಲು ಏನು ಅಂತ ಹುಡುಕುತ್ತೇನೆ.

ಕಾಯುವುದರ ಬಗ್ಗೆಯೂ ಲೆಕ್ಕ ಇಟ್ಟವರಿದ್ದಾರೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1960-70ರ ದಶಕಗಳಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನದ ತರಗತಿಗಳನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳೋದು, ಇಲ್ಲಾ ತಾವೇ ಹೇಳೋದು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳು ಮಾತಾಡತೊಡಗಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನಿಸುತ್ತೆ. ನಲವತ್ತು ಮಕ್ಕಳ ಎದುರು ನಿಂತು, ಬಾಯಿ ಮುಚ್ಚಿಕೊಂಡು, ಒಂದು, ಎರಡು, ಮೂರು ಅಂತ ಎಣಿಸಿ ನೋಡಿ. ಒಂದೇ ಮಗುವಿನ ಎದುರು, ಕುಕ್ಕರ್ ಸೀಟಿ ಹೊಡೆಯುತ್ತಿರುವಾಗ, ನನಗೆ ಅರ್ಧ ಸೆಕೆಂಡೂ ಆಗಲಿಲ್ಲ.

ಮೊಟ್ಟೆ ಲೆಕ್ಕ

ಇದನ್ನೆಲ್ಲ ನನ್ನ ಚಿಕ್ಕಮ್ಮನ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಸರ್ಕಾರಿ ಶಾಲೆ ಟೀಚರ್, ಸಣ್ಣ ಮಕ್ಕಳಿಗೆ ಕಾರ್ಡು, ಹಾಡು, ಆಟದಲ್ಲೇ ಕಲಿಸುವ ನಲಿಕಲಿ ತರಗತಿ. ಪೂರ್ತಿ ಕೇಳಿಸಿಕೊಂಡು, "ಅಕ್ಕ, ಮೂರು ಸೆಕೆಂಡ್ ಕಾಯೋಕೆ ನಂಗೂ ಆಸೆನೇ, ಮೊದ್ಲು ಮೊಟ್ಟೆ ಎಣಿಸಿ ಬರ್ತೀನಿ ಇರು" ಅಂದಳು. ತಮಾಷೆಗೆ ಅಂದದ್ದಲ್ಲ. ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು, ಎಷ್ಟು ಬಂತು ಎಷ್ಟು ಹೋಯಿತು ಬರೆಯಬೇಕು. ಹಾಲಿನ ಪುಡಿ ಬರೆಯಬೇಕು. ಹಾಜರಿ ಆನ್‌ಲೈನಲ್ಲಿ ಹಾಕಬೇಕು, ಅವತ್ತು ನೆಟ್‌ವರ್ಕ್ ಇದ್ದರೆ. ಎಲೆಕ್ಷನ್ ಬಂದರೆ ಮತದಾರರ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರೇ, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆಯಬೇಕಾಯಿತು. ಇದರಲ್ಲಿ ಒಂದೂ ಬೇಡದ ಕೆಲಸ ಅಲ್ಲ. ಮೊಟ್ಟೆಯಂತೂ ಬೇಕೇ ಬೇಕು, ಖಾಲಿ ಹೊಟ್ಟೆಗೆ ಯಾವ ಲೆಕ್ಕವೂ ಇಳಿಯಲ್ಲ. ಆದರೆ ಒಂದು ಮಗು 375 ಬರೆದರೆ ಅದರ ಹಿಂದೆ ಹೋಗೋಕೆ ಎರಡು ನಿಮಿಷ ಬೇಕು, ಮೂವತ್ತು ಮಕ್ಕಳಿಗೆ ಒಂದು ಗಂಟೆ. ಆ ಗಂಟೆಯನ್ನು ನಾವು ಅವಳ ಕೈಯಿಂದ ಚೂರು ಚೂರಾಗಿ ಇಸ್ಕೊಂಡಿದ್ದೇವೆ. ಇದು ಮಾತ್ರ ನಿಜವಾದ ಸಾಲ, ತೀರಿಸೋ ಯೋಚನೆ ಯಾರಿಗೂ ಇದ್ದಂತಿಲ್ಲ.

ನಲಿಕಲಿಯ ಹುಟ್ಟೇ ಈ ಮಾತಿಗೆ ಒಳ್ಳೆ ಉದಾಹರಣೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದಷ್ಟು ಸರ್ಕಾರಿ ಶಾಲೆ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿ ಶಾಲೆಯ ಸುತ್ತಲಿನ ಸಣ್ಣ ಸಣ್ಣ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ತಾವೇ ಕೂತು ಕನ್ನಡಕ್ಕೆ ಕಾರ್ಡು, ಹಾಡು, ಆಟ, ಕಲಿಕೆಯ ಏಣಿ ಎಲ್ಲ ತಯಾರು ಮಾಡಿದರು. ಅ ಆ ಇ ಈ ಇಂದ ಶುರು ಮಾಡೋ ಪದ್ಧತಿ ಬಿಟ್ಟು ರ ಗ ಸ ದ ಅ ಇಂದ ಶುರು. ಯಾಕೆ ಅಂತ ಮೊದಲು ನನಗೂ ಅರ್ಥವಾಗಿರಲಿಲ್ಲ, ತಂಗಿ ಹೇಳಿದ ಮೇಲೆ ಬೆರಗಾದೆ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಅಂತ ಓದಿಬಿಡುತ್ತೆ. ಅ ಇಂದ ಅಃ ತನಕ ಎಲ್ಲ ಬಾಯಿಪಾಠ ಮಾಡಿದ ಮಗುವಿಗೆ ಓದೋಕೆ ಸಿಗೋದು ಆ ಈ ಅನ್ನೋ ಒಂದೆರಡು ಮಾತು ಅಷ್ಟೇ. ಶಾಲೆಗೆ ಬಂದ ಸ್ವಲ್ಪ ದಿನಕ್ಕೇ ಒಂದು ಮಗು "ಗರಗಸ" ಅಂತ ತಾನೇ ಓದಿ, ಅದು ಮನೆಯಲ್ಲಿ ಅಪ್ಪನ ಕೈಯಲ್ಲಿ ಇರುವ ಗರಗಸವೇ ಅಂತ ಗೊತ್ತಾದಾಗ ಅದರ ಮುಖ ನೋಡಬೇಕು ಅಕ್ಕ, ಅಂತಾಳೆ ಇವಳು. ಮಗು ಎಲ್ಲಿ ಎಡವುತ್ತೆ ಅಂತ ದಿನಾ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು. 2009-10ರಲ್ಲಿ ಇದು ರಾಜ್ಯಕ್ಕೆಲ್ಲ ಬಂತು. ಬಂದ ಮೇಲೆ ಎಷ್ಟೋ ಕಡೆ ಕಾರ್ಡು ಉಳಿದು ಕುತೂಹಲ ಹೋಯಿತು ಅಂತಲೂ ಅವಳೇ ಹೇಳುತ್ತಾಳೆ. ಹೆಗ್ಗಡದೇವನಕೋಟೆಯವರಿಗೆ ಅದು ತಾವೇ ಹುಡುಕಿದ ಉತ್ತರ ಆಗಿತ್ತು, ಮಿಕ್ಕವರಿಗೆ ಸುತ್ತೋಲೆ.

ಒಳ್ಳೆ ಟೀಚರ್ ಸಿಗದಿದ್ದರೆ ಏನಾಗುತ್ತೆ ಅನ್ನೋದು ಎಲ್ಲರಿಗೂ ಒಂದೇ ಅಲ್ಲ. ನನ್ನ ಮಗನಿಗೆ ಏನೂ ಆಗಲ್ಲ. ನಾನು ಕೂಗಾಡಿದರೂ ಆಮೇಲೆ ಹುಡುಕಿ ಓದುತ್ತೇನೆ, ನನ್ನ ಕೈಲಾಗದಿದ್ದರೆ ಎರಡನೇ ಮಹಡಿಯಲ್ಲಿ ಟ್ಯೂಷನ್ ಇದೆ, ಅದೂ ಆಗದಿದ್ದರೆ ಫೋನಿನಲ್ಲಿ ವಿಡಿಯೋ. ನಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗಳು ನಾಲ್ಕನೇ ಕ್ಲಾಸು. ಅವಳ ಪುಸ್ತಕದಲ್ಲಿ 375 ಇದ್ದರೆ ಅದು 375 ಆಗಿಯೇ ಉಳಿಯುತ್ತೆ. ಮುಂದಿನ ವರ್ಷ ಅದರ ಮೇಲೆ ಭಾಗಾಕಾರ ಕೂರುತ್ತೆ, ಅದರ ಮೇಲೆ ದಶಮಾಂಶ, ಎಂಟನೇ ಕ್ಲಾಸಿನ ಹೊತ್ತಿಗೆ ಅವಳು "ನಂಗೆ ಲೆಕ್ಕ ಬರಲ್ಲ ಆಂಟಿ" ಅನ್ನುತ್ತಾಳೆ. ಒಂದು ಸೊನ್ನೆ ಎದುರು ನಿಂತದ್ದು ಅಂತ ಅವಳಿಗೂ ಗೊತ್ತಿರಲ್ಲ. ಪಕ್ಕದ ಮನೆಯಲ್ಲೂ ಇಲ್ಲ, ಆಚೆ ಮನೆಯಲ್ಲೂ ಇಲ್ಲ, ಇದ್ದದ್ದು ಟೀಚರ್ ಒಬ್ಬರ ಹತ್ತಿರ ಮಾತ್ರ.

ಹೋದ ವರ್ಷ ಊರಹಬ್ಬಕ್ಕೆ ಹೋದಾಗ ಮೇಷ್ಟ್ರು ಸಿಕ್ಕಿದ್ದರು. ನಿವೃತ್ತಿಯಾಗಿ ಬಹಳ ವರ್ಷ ಆಗಿದೆ, ಕಿವಿ ಸ್ವಲ್ಪ ಮಂದ. ಕಾಲಿಗೆ ನಮಸ್ಕಾರ ಮಾಡಿ ಕಾಫಿಪುಡಿ ಕತೆ ಹೇಳಿದೆ. ನಕ್ಕರು. "ಅದೇನೂ ನಂಗೆ ನೆನಪಿಲ್ಲ ಕಣಮ್ಮ" ಅಂದರು. ಆ ಹುಡುಗ ಈಗ ಏನು ಮಾಡ್ತಾನೆ ಅಂತ ಕೇಳಿದರು. ಕೊಬ್ಬರಿ ವ್ಯಾಪಾರ, ತಿಪಟೂರಲ್ಲಿ ಸ್ವಂತ ಗೋಡೌನ್ ಇದೆ ಅಂದೆ. "ಅವನಿಗೆ ಬಿಡು, ಲೆಕ್ಕ ಯಾರೂ ಹೇಳ್ಕೊಡೋದೇ ಬೇಕಿರ್ಲಿಲ್ಲ" ಅಂದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನೀನು ಯಾವ ವರ್ಷದವಳಮ್ಮ?" ಅಂತ ಕೇಳಿದರು. ಹೇಳಿದೆ. ಅವರಿಗೆ ಗುರುತು ಸಿಗಲಿಲ್ಲ. ಸಿಕ್ಕವರ ಹಾಗೆ ತಲೆ ಆಡಿಸಿದರು. ನಾನೂ ಸಿಕ್ಕಿತು ಅನ್ನೋ ಹಾಗೆ ನಕ್ಕೆ.

ಆ ನಗುಮುಖದ ಪುಸ್ತಕ ಬಂದು ಎರಡು ವಾರವಾದ ಮೇಲೆ, ಒಂದು ಭಾನುವಾರ, ಮಗನನ್ನು ಕೂರಿಸಿಕೊಂಡು ಕೇಳಿದೆ. ಅವತ್ತು 375 ಹೇಗೆ ಬಂತು ಪುಟ್ಟ, ಬೈಯಲ್ಲ, ಸುಮ್ನೆ ತಿಳ್ಕೊಳ್ಳೋಕೆ. ಅನುಮಾನದಿಂದ ನೋಡಿದ. ಆಮೇಲೆ ಹೇಳಿದ, "ಮಿಸ್ ಹೇಳಿದಾರಲ್ಲ, ಯಾವಾಗ್ಲೂ ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ. ಎಂಟು ದೊಡ್ಡದು." ನಿಯಮ ಪಾಲಿಸಿದ್ದಾನೆ, ಪಾಪ. ಆ ಮಾತನ್ನು ಎರಡನೇ ಕ್ಲಾಸಿನಲ್ಲಿ ನಾನೂ ಅವನಿಗೆ ಹೇಳಿದ್ದು ನೆನಪಾಯಿತು. ಬೀರುವಿನಿಂದ ನಾಲ್ಕು ನೂರರ ನೋಟು, ಮೂರು ರೂಪಾಯಿ ಚಿಲ್ಲರೆ ತಂದು ಮುಂದೆ ಇಟ್ಟೆ. ನನಗೆ 178 ಕೊಡು ಅಂದೆ. ತುಂಬಾ ಹೊತ್ತು ನೋಟು ತಿರುಗಿಸಿ ನೋಡಿದ. "ಚಿಲ್ಲರೆ ಇಲ್ವಲ್ಲ ಅಮ್ಮ" ಅಂದ. ನನ್ನ ಪರ್ಸಿನಿಂದ ನೂರಕ್ಕೆ ಹತ್ತು ಹತ್ತರ ನೋಟು ಕೊಟ್ಟೆ. ಅದರಲ್ಲಿ ಒಂದನ್ನು ವಾಪಸ್ ತಳ್ಳಿ, "ಇದಕ್ಕೂ ಕೊಡು" ಅಂದ. ಉಳಿದ ಒಂಬತ್ತು ಅವನ ಕೈಯಲ್ಲೇ ಇತ್ತು. ಅದನ್ನು ಎಣಿಸಿ, ಮತ್ತೆ ಎಣಿಸಿ, "ಓ, ಒಂಬತ್ತು" ಅಂದ. ನಾನು ಊರಿನ ಕಾಫಿಪುಡಿ ಕತೆ ಹೇಳಬೇಕು ಅಂತಿದ್ದೆ, ಅವನಿಗೆ ಕೇಳೋ ಪುರುಸೊತ್ತು ಇರಲಿಲ್ಲ. ಪುಸ್ತಕ ಎಳೆದುಕೊಂಡು 1000ದಲ್ಲಿ 1 ಕಳೆಯತೊಡಗಿದ. ಸಾಲಾಗಿ ಒಂಬತ್ತು ಬಂದದ್ದು ನೋಡಿ ಖುಷಿಯಾಗಿ 10,000 ಬರೆದ. ಬೇಗ ಬೇಗ ಬರೆಯುವ ಭರದಲ್ಲಿ ಕೊನೆಗೆ ಒಂಬತ್ತರ ಬದಲು ಹತ್ತು ಹಾಕಿದ. ಹೇಳೋಕೆ ಬಾಯಿ ತೆರೆದೆ. ಮುಚ್ಚಿಕೊಂಡೆ. ಕಿಟಕಿ ಕಡೆ ನೋಡುತ್ತಾ ಎಣಿಸಿದೆ. ಒಂದು. ಎರಡು. ಮೂರು. ಏಳರ ತನಕ ಹೋಯಿತು.

"ತಡಿ ಅಮ್ಮ" ಅಂದ. ನಾನು ಏನೂ ಹೇಳಿರಲೇ ಇಲ್ಲ.